ಹೆಸರು ನಿಮ್ಮದಿರಲಿ, ಕಡ್ಡಿ ಊರಿಗಿರಲಿ

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



ಶಾಲೆಗೆ ಐವತ್ತು ತುಂಬಿದ ಈ ಹೊತ್ತಿನಲ್ಲಿ ಹೊಸ ಕೊಠಡಿ, ರಂಗಮಂದಿರ, ಕಂಪ್ಯೂಟರುಗಳ ವಿಷಯ ಬಂದಿದೆ. ಅವೆಲ್ಲ ಆಗಬೇಕಾದ್ದೇ. ತೋಟಗಾರಿಕೆಯಲ್ಲಿ ಕೆಲಸ ಮಾಡಿದವನಾಗಿ ನಾನು ಬೇರೊಂದು ಆಸ್ತಿಯ ಬಗ್ಗೆ ಎರಡು ಮಾತು ಹೇಳುತ್ತೇನೆ. ಅದು ನಮ್ಮ ಹೊಳೆದಂಡೆಯ, ಬೆಟ್ಟದಂಚಿನ ಅಪ್ಪೆಮಿಡಿ ಮರಗಳು.

ಅಪ್ಪೆಮಿಡಿ ಎಂದರೇನು ಎಂದು ಮಲೆನಾಡಿನವರಿಗೆ ಹೇಳಬೇಕಾಗಿಲ್ಲ. ಭರಣಿಯ ಮುಚ್ಚಳ ತೆಗೆದರೆ ನಡುಮನೆಯವರೆಗೂ ಬರುವ ಆ ಸೊನೆಯ ಪರಿಮಳವೇ ಅದರ ಗುರುತು. ಉಪ್ಪಿನಲ್ಲಿ ಹಾಕಿಟ್ಟ ಒಳ್ಳೆಯ ಮಿಡಿ ವರ್ಷಗಟ್ಟಲೆ ಮೆತ್ತಗಾಗುವುದಿಲ್ಲ. ಆದರೆ ಎಲ್ಲ ಅಪ್ಪೆಯೂ ಒಂದೇ ಅಲ್ಲ. ಒಂದರಲ್ಲಿ ಜೀರಿಗೆಯ ವಾಸನೆ, ಇನ್ನೊಂದರಲ್ಲಿ ಕರ್ಪೂರದ್ದು. ಒಂದು ಉದ್ದ, ಇನ್ನೊಂದು ಗುಂಡು. ಅನಂತಭಟ್ಟನ ಅಪ್ಪೆ, ಮಾಳಂಜಿ ಅಪ್ಪೆ, ಜೀರಿಗೆ ಅಪ್ಪೆ ಎಂಬ ಹೆಸರುಗಳು ಬಹಳ ಕಡೆ ಪ್ರಸಿದ್ಧ. ಇವಲ್ಲದೆ, ನಾಲ್ಕು ಮನೆಯವರಿಗೆ ಮಾತ್ರ ಗೊತ್ತಿರುವ ಹೆಸರುಗಳು ಎಷ್ಟೋ ಇವೆ. ಇಂಥ ಸಣ್ಣ ಹೆಸರುಗಳೇ ಮೊದಲು ಕಳೆದುಹೋಗುವುದು.

ಯಾಕೆಂದರೆ ಮಾವು ಹೆಚ್ಚಾಗಿ ಪರಕೀಯ ಪರಾಗಸ್ಪರ್ಶದ ಗಿಡ. ಕಾಡುಮಾವಿನ ಓಟೆ ನೆಟ್ಟರೆ ಹುಟ್ಟುವ ಸಸಿ ತಾಯಿಯಂತೆಯೇ ಇರುತ್ತದೆಂಬ ಭರವಸೆಯಿಲ್ಲ. ಅದರ ಮೇಲೆ, ನಾವು ಕೊಯ್ಯುವುದು ಮಿಡಿಯನ್ನು. ಓಟೆ ಬಲಿಯುವ ಮೊದಲೇ ಮರ ಬರಿದಾದರೆ ಬುಡದಲ್ಲಿ ಸಸಿ ಹುಟ್ಟುವುದು ಎಲ್ಲಿಂದ? ಕೊಯ್ಯುವ ಅವಸರದಲ್ಲಿ ಕೊಂಬೆಯನ್ನೇ ಕಡಿದು ಬೀಳಿಸುವವರಿದ್ದಾರೆ. ರಸ್ತೆ ಅಗಲವಾಗುವಾಗ, ನಾಟಾ ಬೇಕಾದಾಗ ಹಳೆಯ ಮರಗಳು ಉರುಳುತ್ತವೆ. 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟೆಯ ಹಿನ್ನೀರಿನಲ್ಲಿ ಶರಾವತಿ ಕಣಿವೆಯ ಊರುಗಳ ಜೊತೆ ದಂಡೆಯ ಮರಗಳೂ ಮುಳುಗಿದವು. ಒಂದು ತಳಿಗೆ ಒಂದೇ ಮರವಿದ್ದರೆ, ಆ ಮರ ಬಿದ್ದ ದಿನವೇ ತಳಿಯೂ ಮುಗಿದಂತೆ.

ಇದಕ್ಕೆ ದಾರಿ ಇದೆ ಎನ್ನುವುದಕ್ಕೆ ಇಂಗ್ಲೆಂಡಿನ ಒಂದು ಸೇಬಿನ ಮರದ ಕಥೆ ಹೇಳುತ್ತೇನೆ. ಸೇಬಿನದೂ ಮಾವಿನ ಹಾಗೆಯೇ. ಬೀಜದಿಂದ ತಾಯಿಯ ಗುಣ ಬರುವುದಿಲ್ಲ. ನಾಟಿಂಗ್‌ಹ್ಯಾಮ್‌ಶೈರಿನ ಸೌತ್‌ವೆಲ್ ಎಂಬ ಊರಿನಲ್ಲಿ 1809ರ ಸುಮಾರಿಗೆ ಮೇರಿ ಆನ್ ಬ್ರೈಲ್ಸ್‌ಫರ್ಡ್ ಎಂಬ ಹುಡುಗಿ ಸೇಬಿನ ಬೀಜ ಬಿತ್ತಿದಳು. ಅದರಲ್ಲಿ ಒಂದು ಮರವಾಯಿತು. 1846ರಲ್ಲಿ ಆ ಮನೆಯನ್ನು ಮ್ಯಾಥ್ಯೂ ಬ್ರಾಮ್ಲಿ ಎಂಬ ಮಾಂಸದ ವ್ಯಾಪಾರಿ ಕೊಂಡ. 1856ರಲ್ಲಿ ಹೆನ್ರಿ ಮೆರ್ರಿವೆದರ್ ಎಂಬ ಹದಿನೇಳು ವರ್ಷದ ಹುಡುಗ ಆ ಹಣ್ಣು ನೋಡಿ, ಮರದಿಂದ ಕಸಿಕಡ್ಡಿ ಕೊಡಿ ಎಂದು ಕೇಳಿದ. ಬ್ರಾಮ್ಲಿ ಒಪ್ಪಿದ, ಆದರೆ ಹಣ್ಣಿಗೆ ತನ್ನ ಹೆಸರೇ ಇರಬೇಕೆಂದ. ಇಂದು ಇಂಗ್ಲೆಂಡಿನಲ್ಲಿ ಅಡುಗೆಗೆ ಹೆಸರಾದ ಸೇಬು ಬ್ರಾಮ್ಲಿ. ಎಲ್ಲಿ ಬೆಳೆದ ಬ್ರಾಮ್ಲಿಯಾದರೂ ಅದರ ಮೂಲ ಆ ಒಂದು ಹಿತ್ತಲ ಮರ. ಮೂಲ ಮರ 1900ರಲ್ಲಿ ಗಾಳಿಗೆ ಉರುಳಿತು, ಬಿದ್ದ ಕಾಂಡದಿಂದಲೇ ಮತ್ತೆ ಚಿಗುರಿತು. ಈಚೆಗೆ ಅದಕ್ಕೆ ಶಿಲೀಂಧ್ರ ರೋಗ ತಗಲಿದೆ. ಮರ ಹೋದರೂ ತಳಿ ಹೋಗುವುದಿಲ್ಲ. ಬೀಜ ಬಿತ್ತಿದ ಮೇರಿ ಆನ್ ಮಾತ್ರ ಇದ್ಯಾವುದನ್ನೂ ತಿಳಿಯದೆ 1852ರಲ್ಲಿಯೇ ತೀರಿಕೊಂಡಳು.

ಅದೇ ದೇಶದ ಕೆಂಟ್ ಪ್ರಾಂತ್ಯದ ಬ್ರಾಗ್‌ಡೇಲ್‌ನಲ್ಲಿ ಎರಡು ಸಾವಿರಕ್ಕೂ ಹೆಚ್ಚು ಸೇಬಿನ ತಳಿಗಳನ್ನು ತೋಟವಾಗಿ ಬೆಳೆಸಿ ಕಾಪಾಡುತ್ತಿದ್ದಾರೆ. ನಮ್ಮಲ್ಲೂ ಕೆಲಸ ನಡೆದಿದೆ. ಅಪ್ಪೆಮಿಡಿಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಅಪ್ಪೆ ತಳಿಗಳನ್ನು ಸಂಗ್ರಹಿಸಿದೆ. ಮಲೆನಾಡಿನ ಹಲವು ರೈತರು ತಾವೇ ಕಸಿ ಕಟ್ಟಿ ಸಸಿ ಹಂಚುತ್ತಿದ್ದಾರೆ. ಆದರೆ ಯಾವ ಸಂಸ್ಥೆಯೂ ತನಗೆ ಗೊತ್ತಾದ ಮರವನ್ನು ಮಾತ್ರ ಉಳಿಸಬಲ್ಲದು. ಗೊತ್ತು ಮಾಡಬೇಕಾದವರು ಇಲ್ಲಿ ಕುಳಿತಿರುವ ಹಿರಿಯರು.

ಮಿಡಿಗೆ ಬೆಲೆ ಬಂದಮೇಲೆ ಒಳ್ಳೆಯ ಮರದ ಜಾಗವನ್ನು ಗುಟ್ಟಾಗಿಡುವುದು ಸಹಜ. ಆ ಲೆಕ್ಕ ನನಗೂ ಅರ್ಥವಾಗುತ್ತದೆ. ಆದರೆ ಹಳೆಯ ಮರ ಒಂದು ವರ್ಷ ಮಿಡಿ ಬಿಟ್ಟರೆ ಇನ್ನೊಂದು ವರ್ಷ ಬಿಡುವುದಿಲ್ಲ; ಒಂದು ಮಳೆಗಾಲದ ಗಾಳಿಗೆ ಗುಟ್ಟೂ ಮರವೂ ಒಟ್ಟಿಗೆ ಹೋಗುತ್ತವೆ. ಬ್ರಾಮ್ಲಿಯ ಮಾತನ್ನೇ ನಾವೂ ಹೇಳೋಣ: ಹೆಸರು ನಿಮ್ಮದೇ ಇರಲಿ, ಕಡ್ಡಿ ಊರಿಗೆ ಕೊಡಿ.

ಕೆಲಸ ಕಷ್ಟದ್ದಲ್ಲ. ಮೊದಲು ಮರಗಳ ಪಟ್ಟಿಯಾಗಬೇಕು: ಮರದ ಹೆಸರು, ಇರುವ ಜಾಗ, ಯಜಮಾನರು, ಹೂ ಬರುವ ತಿಂಗಳು, ಮಿಡಿಯ ವಾಸನೆ, ಉಪ್ಪಿನಲ್ಲಿ ಎಷ್ಟು ವರ್ಷ ನಿಲ್ಲುತ್ತದೆ ಎಂಬುದು. ಈ ಕೊನೆಯದನ್ನು ಮನೆಯ ಹೆಂಗಸರನ್ನೇ ಕೇಳಬೇಕು; ಭರಣಿಯ ಪರೀಕ್ಷೆಯಲ್ಲಿ ಗೆದ್ದ ಮರವೇ ಗೆದ್ದದ್ದು. ಮಳೆಗಾಲದ ಆರಂಭದಲ್ಲಿ ಕಾಡುಮಾವಿನ ಹೊಸ ಓಟೆಗಳನ್ನು ಮರಳಿನಲ್ಲಿ ಹಾಕಿ ಮೊಳಕೆ ಬರಿಸಬೇಕು. ಎಲೆ ಇನ್ನೂ ತಾಮ್ರದ ಬಣ್ಣದಲ್ಲಿರುವ ಎಳೆಯ ಸಸಿಗೆ ಕಸಿ ಚೆನ್ನಾಗಿ ಹಿಡಿಯುತ್ತದೆ. ಆರಿಸಿದ ಮರದಲ್ಲಿ ಮೂರು ನಾಲ್ಕು ತಿಂಗಳ ಆರೋಗ್ಯವಂತ ಕುಡಿಗೆ ವಾರ ಹತ್ತು ದಿನ ಮೊದಲೇ ಎಲೆ ಸವರಿ, ತೊಟ್ಟು ಮಾತ್ರ ಬಿಡಬೇಕು. ತುದಿಮೊಗ್ಗು ಉಬ್ಬಿದಾಗ ಕಡ್ಡಿ ತೆಗೆದು, ಬುಡವನ್ನು ಬೆಣೆಯಂತೆ ಕೆತ್ತಿ, ಸಸಿಯ ಸೀಳಿನಲ್ಲಿ ಕೂರಿಸಿ, ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿಯಾಗಿ ಸುತ್ತಿದರಾಯಿತು. ಮೂರು ನಾಲ್ಕು ವಾರಕ್ಕೆ ಚಿಗುರು ಕಾಣುತ್ತದೆ. ಒಂಬತ್ತನೆಯ ತರಗತಿಯ ಮಕ್ಕಳು ಎರಡು ದಿನದಲ್ಲಿ ಇದನ್ನು ಕಲಿಯಬಲ್ಲರು. ಕಸಿ ಗಿಡ ನಾಲ್ಕೈದು ವರ್ಷಕ್ಕೆ ಫಲಕ್ಕೆ ಬರುತ್ತದೆ. ಓಟೆಯ ಗಿಡಕ್ಕೆ ಅದರ ಎರಡರಷ್ಟು ಕಾಯಬೇಕು.

ಆದ್ದರಿಂದ ನನ್ನ ಕೋರಿಕೆ ಮೂರು. ಶಾಲೆಯ ಹಿಂದಿನ ಖಾಲಿ ಜಾಗದಲ್ಲಿ ಊರಿನ ಪ್ರತಿ ಹೆಸರಿನ ಅಪ್ಪೆಗೂ ಎರಡೆರಡು ಕಸಿ ಗಿಡ ನೆಡೋಣ. ಪಕ್ಕದಲ್ಲಿ ಮರದ ಹೆಸರನ್ನೂ ಮನೆತನದ ಹೆಸರನ್ನೂ ಬರೆದ ಫಲಕವಿರಲಿ. ಅದೇ ತಳಿಯ ಇನ್ನೆರಡು ಗಿಡ ಬೇರೆ ಎರಡು ಮನೆಯ ಹಿತ್ತಲಿಗೆ ಹೋಗಲಿ, ಒಂದೇ ಕಡೆ ಇಟ್ಟದ್ದು ಒಂದೇ ಸಲ ಹೋಗಬಹುದು. ಮತ್ತು ಈ ವರ್ಷದಿಂದ ಮಿಡಿಗಾಗಿ ಕೊಂಬೆ ಕಡಿಯುವುದು ಬೇಡ.

ಪಟ್ಟಿ ಬರೆಯಲು ಎರಡು ನೋಟುಪುಸ್ತಕಗಳನ್ನು ಮುಖ್ಯೋಪಾಧ್ಯಾಯರ ಕೈಗೆ ಕೊಟ್ಟಿದ್ದೇನೆ. ಊಟಕ್ಕೆ ಏಳುವ ಮೊದಲು ನಿಮಗೆ ಗೊತ್ತಿರುವ ಒಂದು ಮರದ ಹೆಸರನ್ನಾದರೂ ಬರೆಸಿ ಹೋಗಿ. ಮುಂದಿನ ಮಳೆಗಾಲಕ್ಕೆ ಕತ್ತಿ, ಪಟ್ಟಿ ಹಿಡಿದು ನಾನು ಬರುತ್ತೇನೆ.