ಹರೆಯದ ಗೆಳೆತನ, ಬಾಳಿನ ಬುನಾದಿ



ಹದಿಹರೆಯದ ಮಕ್ಕಳು ಮನೆಯಲ್ಲಿ ಮೌನಿಗಳು, ಗೆಳೆಯರ ನಡುವೆ ವಾಚಾಳಿಗಳು ಎಂಬುದು ಹೆತ್ತವರ ಸಾಮಾನ್ಯ ದೂರು. ಈ ಗೆಳೆತನವು ಬರಿಯ ಕಾಲಹರಣವೋ, ಬಾಳಿಗೆ ಬಂಡವಾಳವೋ ಎಂಬುದನ್ನು ವಿಚಾರಿಸೋಣ.

ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞರು 169 ಮಂದಿಯನ್ನು 15ನೆಯ ವಯಸ್ಸಿನಿಂದ 25ರವರೆಗೆ ಗಮನಿಸಿ, 2017ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಹರೆಯದಲ್ಲಿ ಗಾಢವಾದ ಆಪ್ತ ಗೆಳೆತನವಿದ್ದವರಲ್ಲಿ ಇಪ್ಪತ್ತೈದರ ವೇಳೆಗೆ ಆತಂಕವೂ ಖಿನ್ನತೆಯೂ ತಗ್ಗಿ, ಆತ್ಮಗೌರವ ಹೆಚ್ಚಿತ್ತು. ಗುಂಪಿನಲ್ಲಿ ಜನಪ್ರಿಯರಾಗಿದ್ದವರಲ್ಲಾದರೋ, ಜನರೊಡನೆ ಬೆರೆಯುವ ಆತಂಕವೇ ಅಧಿಕವಾಗಿತ್ತು. ಹತ್ತು ಮಂದಿಯ ಹೊಗಳಿಕೆಗಿಂತ, ಅಳಲನ್ನು ತೋಡಿಕೊಳ್ಳಬಹುದಾದ ಒಬ್ಬನೇ ಗೆಳೆಯ ಮೇಲು.

ಹೀಗೆ ಮನಸ್ಸು ಬಿಚ್ಚುವುದನ್ನು ಮಗು ಮೊದಲು ಕಲಿಯುವುದು ಮನೆಯಲ್ಲಿ. ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ 1938ರಲ್ಲಿ ಆರಂಭವಾದ ದೀರ್ಘ ಅಧ್ಯಯನದಲ್ಲಿ, ಅಕ್ಕರೆಯ ಮನೆಯಲ್ಲಿ ಬೆಳೆದ ಪುರುಷರು ನಡುವಯಸ್ಸಿನಲ್ಲಿ ಭಾವೋದ್ವೇಗಗಳನ್ನು ಚೆನ್ನಾಗಿ ನಿಭಾಯಿಸಿದ್ದೂ, ಇಳಿವಯಸ್ಸಿನ ದಾಂಪತ್ಯದಲ್ಲಿ ಹೆಚ್ಚಿನ ಭರವಸೆ ಕಂಡದ್ದೂ ತಿಳಿದುಬಂದಿತು. ಆದರೆ ಇದು ವಿಧಿಲಿಖಿತವಲ್ಲ. ಮನೆಯಲ್ಲಿ ಅಕ್ಕರೆ ಕಾಣದ ಮಗುವಿಗೂ ಒಬ್ಬ ಸ್ನೇಹಿತ, ಒಬ್ಬ ಚಿಕ್ಕಮ್ಮ ಆಸರೆಯಾಗಬಲ್ಲರು.

ಆದುದರಿಂದ ಹೆತ್ತವರೇ, ಮಗನ ಗೆಳೆಯನ ಅಂತಸ್ತು ವಿಚಾರಿಸಿ ಅವನನ್ನು ಹೊಸ್ತಿಲಲ್ಲೇ ನಿಲ್ಲಿಸಬೇಡಿ. ಒಳಗೆ ಕರೆದು ಊಟಕ್ಕೆ ಕೂಡಿಸಿರಿ. ಮಗಳ ಗೆಳತಿಯ ಹೆಸರನ್ನು ನೆನಪಿನಲ್ಲಿಡಿರಿ. ನಮ್ಮ ಮಗುವಿನ ಮನಸ್ಸು ಕುಸಿದಾಗ ಅನೇಕ ವೇಳೆ ಮೊದಲ ಸುಳಿವು ಸಿಗುವುದು ಆ ಸ್ನೇಹಿತರಿಗೇ. ಅವರು ನಮ್ಮ ಮನೆಯನ್ನು ಬಲ್ಲವರಾಗಿದ್ದರೆ ಮಾತ್ರ ಆ ಸುಳಿವು ಸಕಾಲದಲ್ಲಿ ನಮ್ಮನ್ನು ತಲುಪೀತು.