ದುಡಿಯುವ ಮೈಗೆ ಎಷ್ಟು ವ್ಯಾಯಾಮ ಬೇಕು?

(ಆರೋಗ್ಯ ಮಾಹಿತಿ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ದುಬೈಯ ಅಲ್ ಕೂಜ್ ಇರಲಿ, ಅಬುಧಾಬಿಯ ಮುಸಫ್ಫಾ ಇರಲಿ, ಈಗ ನಮ್ಮ ಹುಡುಗರಿಗೆ ಜಿಮ್ ಆಸಕ್ತಿ ಜಾಸ್ತಿಯಾಗಿದೆ. ಒಳ್ಳೆಯದೇ. ಸಿಗರೇಟಿಗಿಂತ, ರಾತ್ರಿಯಿಡೀ ಮೊಬೈಲ್ ನೋಡೋದಕ್ಕಿಂತ ಸಾವಿರ ಪಾಲು ಮೇಲು. ಆದರೆ ಒಂದು ಲೆಕ್ಕ ಮರೆಯುತ್ತೇವೆ. ಆಫೀಸಿನಲ್ಲಿ ಕೂತು ಕೆಲಸ ಮಾಡುವವರಿಗೆ ಜಿಮ್ಮೇ ದಿನದ ಮೊದಲ ಶ್ರಮ. ಸೈಟಿನಲ್ಲಿ ಕಂಬಿ ಕಟ್ಟುವವರಿಗೆ, ಗೋದಾಮಿನಲ್ಲಿ ಲೋಡ್ ಇಳಿಸುವವರಿಗೆ ಅದು ಎರಡನೇ ಡ್ಯೂಟಿ. ಇದು ಕೆಲಸದ ದಣಿವು, ಇದು ಜಿಮ್ಮಿನ ದಣಿವು ಅಂತ ಹೃದಯ ಬೇರೆ ಬೇರೆ ಖಾತೆ ಇಡುವುದಿಲ್ಲ.

2021ರ ಅಕ್ಟೋಬರ್ 29 ನಮ್ಮಲ್ಲಿ ಯಾರಿಗೂ ಮರೆತಿಲ್ಲ. ಅಂದು ಬೆಳಗ್ಗೆ ವ್ಯಾಯಾಮದ ನಂತರ ಅಸ್ವಸ್ಥರಾದ ಪುನೀತ್ ರಾಜ್‌ಕುಮಾರ್ ಉಳಿಯಲಿಲ್ಲ. ವಯಸ್ಸು ಬರೀ 46. ಆಮೇಲೆ ಬೆಂಗಳೂರಿನ ಜಯದೇವ ಆಸ್ಪತ್ರೆಯಲ್ಲಿ ಹೃದಯ ಪರೀಕ್ಷೆಗೆ ಜನ ಸಾಲುಗಟ್ಟಿದರು. ಎಷ್ಟೋ ಜನ ಹೆದರಿ ಜಿಮ್ ಬಿಟ್ಟರು. ವ್ಯಾಯಾಮವೇ ಅವರ ಜೀವ ತೆಗೆಯಿತು ಅಂತ ಹೇಳುವುದು ಸರಿಯಲ್ಲ. ನಾವು ಕಲಿಯಬೇಕಾದ್ದು ಬೇರೆ: ಹೊರಗೆ ಗಟ್ಟಿಯಾಗಿ ಕಾಣುವ ಮೈ ಒಳಗಿನ ರಕ್ತನಾಳದ ಸ್ಥಿತಿಯನ್ನು ಹೇಳುವುದಿಲ್ಲ.

ಸುಮ್ಮನೆ ಕೂತಾಗ ಹೃದಯ ನಿಮಿಷಕ್ಕೆ 60ರಿಂದ 100 ಸಲ ಬಡಿಯುತ್ತದೆ. ಭಾರ ಎತ್ತುವಾಗ, ಓಡುವಾಗ ಬಡಿತವೂ ಬಿಪಿಯೂ ಏರುತ್ತವೆ. ಹೃದಯಕ್ಕೇ ಹೆಚ್ಚು ರಕ್ತ ಬೇಕಾಗುತ್ತದೆ. ರಕ್ತನಾಳದಲ್ಲಿ ಕೊಬ್ಬು ಕಟ್ಟಿದ್ದರೆ ಅಷ್ಟು ರಕ್ತ ಸಾಗುವುದಿಲ್ಲ. ಆ ಒತ್ತಡಕ್ಕೆ ಕೊಬ್ಬಿನ ಪದರ ಬಿರಿದು, ಅಲ್ಲಿ ರಕ್ತ ಹೆಪ್ಪುಗಟ್ಟಿದರೆ ಅದೇ ಹೃದಯಾಘಾತ. ಕೆಲವು ಯುವಕರಿಗೆ ಹೃದಯದ ಸ್ನಾಯು ದಪ್ಪ ಇರುತ್ತದೆ. ಅಂಥವರಿಗೆ ಅತಿ ಶ್ರಮದಲ್ಲಿ ಬಡಿತದ ತಾಳವೇ ತಪ್ಪಬಹುದು. ನಮ್ಮ ಕಡೆಯವರಿಗೆ ಹೃದಯದ ಕಾಯಿಲೆ ಬೇರೆಯವರಿಗಿಂತ ಬೇಗ ಬರುತ್ತದೆ ಅನ್ನೋದೂ ನೆನಪಿರಲಿ.

ಹೃದಯ ಮಾತ್ರ ಅಲ್ಲ. ತಿಂಗಳುಗಟ್ಟಲೆ ಬಿಟ್ಟು ಒಂದೇ ದಿನ ಇನ್ನೂರು ಬಸ್ಕಿ ಹೊಡೆದರೆ ಸ್ನಾಯು ಒಡೆದು, ಅದರ ಕಸ ರಕ್ತಕ್ಕೆ ಸೇರಿ ಕಿಡ್ನಿಗೆ ಪೆಟ್ಟು ಕೊಡಬಹುದು. ಸೆಖೆಯಲ್ಲಿ ನೀರು ಕಡಿಮೆ ಕುಡಿದವರಿಗೆ ಈ ಅಪಾಯ ಇನ್ನೂ ಹೆಚ್ಚು. ತಡೆಯಲಾಗದ ಮೈಕೈ ನೋವು, ಊತ, ಸುಲೈಮಾನಿ ಚಹಾದ ಬಣ್ಣದ ಮೂತ್ರ ಕಂಡರೆ ನೋವಿನ ಮಾತ್ರೆ ನುಂಗಿ ಮಲಗಬೇಡಿ. ಬ್ರೂಫೆನ್‌ನಂಥ ಮಾತ್ರೆ ಕಿಡ್ನಿಗೆ ಮತ್ತಷ್ಟು ಕೆಡುಕು. ಅದೇ ದಿನ ಆಸ್ಪತ್ರೆಗೆ ಹೋಗಿ.

ಬೇಸಿಗೆಯಲ್ಲಿ, ಅಂದರೆ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ, ಮಧ್ಯಾಹ್ನ 12.30ರಿಂದ 3ರವರೆಗೆ ಬಿಸಿಲಿನ ಕೆಲಸಕ್ಕೆ ಇಲ್ಲಿನ ಸರ್ಕಾರವೇ ತಡೆ ಹಾಕಿದೆ. ಆ ತಿಂಗಳುಗಳಲ್ಲಿ ಹೊರಗೆ ದುಡಿದು ಬಂದ ದಿನ ಭಾರದ ವ್ಯಾಯಾಮ ಬೇಡ.

ಹಾಗಾದರೆ ಎಷ್ಟು ಮಾಡಬೇಕು? ವಿಶ್ವ ಆರೋಗ್ಯ ಸಂಸ್ಥೆ ಹೇಳೋದು ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ಶ್ರಮ. 2017ರಲ್ಲಿ ಶುರುವಾದ ದುಬೈ ಫಿಟ್‌ನೆಸ್ ಚಾಲೆಂಜ್ ಕೂಡ ಕೇಳುವುದು 30 ದಿನ, ದಿನಕ್ಕೆ 30 ನಿಮಿಷ ಅಷ್ಟೇ. ಮೈಮುರಿದು ದುಡಿಯುವವರಿಗೆ ಇದರ ಬಹುಪಾಲು ಕೆಲಸದಲ್ಲೇ ಆಗಿಹೋಗಿರುತ್ತದೆ. ನೀವು ಪಾಲಿಸಬೇಕಾದ್ದು ಇಷ್ಟು:

• ವ್ಯಾಯಾಮದ ನಡುವೆ ಪಕ್ಕದವರ ಜೊತೆ ಮಾತಾಡಲು ಆಗಬೇಕು. ಒಂದು ಮಾತೂ ಹೊರಡದಿದ್ದರೆ ವೇಗ ಇಳಿಸಿ.
• ಭಾರವನ್ನು ವಾರ ವಾರ ಸ್ವಲ್ಪ ಸ್ವಲ್ಪವೇ ಏರಿಸಿ. ವಾರಕ್ಕೆ ಒಂದೆರಡು ದಿನ ಬಿಡುವು ಕೊಡಿ.
• ಓಟಿ ಮಾಡಿದ ದಿನ, ನಿದ್ದೆ ಕೆಟ್ಟ ದಿನ, ಜ್ವರ ಇದ್ದಾಗ ಜಿಮ್ ಬೇಡ.
• ಬೆಳಗ್ಗೆ ಎದ್ದಾಗಿನ ನಾಡಿಬಡಿತ ದಿನವೂ ಏರುತ್ತಿದ್ದರೆ, ನಿದ್ದೆ ಬರದಿದ್ದರೆ, ಸುಮ್ಮಸುಮ್ಮನೆ ಸಿಟ್ಟು ಬರುತ್ತಿದ್ದರೆ ವ್ಯಾಯಾಮ ಅತಿಯಾಗಿರಬಹುದು.
• ರೂಮಿನವರು ಕೊಟ್ಟ ಪ್ರೀ-ವರ್ಕೌಟ್ ಪುಡಿ, ಎನರ್ಜಿ ಡ್ರಿಂಕ್, ಸ್ಟಿರಾಯ್ಡ್ ಇಂಜೆಕ್ಷನ್ ಮುಟ್ಟಬೇಡಿ.
• 35 ದಾಟಿದವರು, ಬಿಪಿ-ಶುಗರ್ ಇರುವವರು, ಸಿಗರೇಟು ಸೇದುವವರು, ಮನೆಯಲ್ಲಿ ಚಿಕ್ಕ ವಯಸ್ಸಿಗೇ ಹೃದಯಾಘಾತ ಆದವರಿದ್ದರೆ ಅವರು, ಜಿಮ್‌ಗೆ ಸೇರುವ ಮೊದಲು ಡಾಕ್ಟರನ್ನು ಕಾಣಿ.

ಈಗ ಮುಖ್ಯ ಮಾತು. ಎದೆ ಬಿಗಿತ, ಎಡಗೈಗೋ ದವಡೆಗೋ ಹರಿಯುವ ನೋವು, ತಣ್ಣನೆ ಬೆವರು, ತಲೆ ಸುತ್ತು ಬಂದರೆ ತಕ್ಷಣ ನಿಲ್ಲಿಸಿ. ‘ಗ್ಯಾಸ್ ಇರಬೇಕು’ ಅಂತ ಸೋಡಾ ಕುಡಿದು ಕಾಯಬೇಡಿ. 998ಕ್ಕೆ ಫೋನ್ ಮಾಡಿ, ಆಂಬುಲೆನ್ಸ್ ಬರುತ್ತದೆ. ಜೊತೆಗಿದ್ದವನು ಕುಸಿದು ಉಸಿರು ನಿಂತರೆ, ಫೋನ್ ಮಾಡಿ, ಎದೆಯ ನಡುವೆ ಎರಡೂ ಕೈ ಇಟ್ಟು ನಿಮಿಷಕ್ಕೆ 100ರಿಂದ 120 ಸಲ ಜೋರಾಗಿ ಒತ್ತುತ್ತಾ ಇರಿ.

ಬಹಳ ಜನ ನೋವು ಮುಚ್ಚಿಡುವುದು ಸಂಬಳ ಕಟ್ಟಾಗುತ್ತದೆ ಅನ್ನೋ ಭಯಕ್ಕೆ. ದುಬೈ, ಅಬುಧಾಬಿ ಎರಡರಲ್ಲೂ ನಿಮ್ಮ ಆರೋಗ್ಯ ವಿಮೆ ಮಾಡಿಸುವುದು ಕಂಪನಿಯ ಹೊಣೆ. ಖಾಸಗಿ ಕಂಪನಿಯಲ್ಲಿ ಪ್ರೊಬೇಷನ್ ಮುಗಿದವರಿಗೆ ವರ್ಷಕ್ಕೆ 90 ದಿನಗಳವರೆಗೆ ಸಿಕ್ ಲೀವ್ ಇದೆ: ಮೊದಲ 15 ದಿನ ಪೂರ್ತಿ ಸಂಬಳ, ಮುಂದಿನ 30 ದಿನ ಅರ್ಧ, ಉಳಿದದ್ದು ಸಂಬಳವಿಲ್ಲದ ರಜೆ. ಮೂರು ಕೆಲಸದ ದಿನಗಳೊಳಗೆ ಕಂಪನಿಗೆ ತಿಳಿಸಿ, ಡಾಕ್ಟರ ಚೀಟಿ ಕೊಡಿ. ತೊಂದರೆಯಾದರೆ ಭಾರತೀಯರ ಸಹಾಯ ಕೇಂದ್ರದ 80046342ಕ್ಕೆ ಕರೆ ಮಾಡಬಹುದು.

ಊರಲ್ಲಿ ನಿಮ್ಮನ್ನು ನಂಬಿದವರಿಗೆ ಬೇಕಾದ್ದು ನಿಮ್ಮ ತೋಳಿನ ಫೋಟೋ ಅಲ್ಲ, ನೀವು. ವ್ಯಾಯಾಮ ಮಾಡಿ, ಹಿತವಾಗಿ ಮಾಡಿ. ಇವತ್ತು ರಾತ್ರಿ ನಿಮ್ಮ ರೂಮಿನವರಿಗೂ 998 ನಂಬರ್ ಹೇಳಿಕೊಡಿ.