ಹೊತ್ತಿನ ಖರ್ಚು, ಹಣದ ಖರ್ಚು



ಈ ಮಂಗಳೂರು ಲೆಕ್ಕ ಬಲ್ಲವರ ಊರು. 1906ರಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಯವರು ಕೆನರಾ ಬ್ಯಾಂಕಿಗೆ ಮೂಲವಾದ ನಿಧಿಯನ್ನು ಸ್ಥಾಪಿಸಿದ್ದು ಇಲ್ಲಿಯೇ. ನೆರೆಯ ಉಡುಪಿಯಲ್ಲಿ, ಮುಂದೆ ಸಿಂಡಿಕೇಟ್ ಬ್ಯಾಂಕೆಂದು ಹೆಸರಾದ ಸಂಸ್ಥೆಯು 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿತು. ದಿನಕ್ಕೆ ಎರಡಾಣೆ ಸಾಕು. ದುಡಿಯುವವನಿಗೆ ಬ್ಯಾಂಕಿಗೆ ಹೋಗುವ ಬಿಡುವಿಲ್ಲವೆಂದು ಬ್ಯಾಂಕಿನವರೇ ಮನೆಬಾಗಿಲಿಗೆ ಬರುತ್ತಿದ್ದರು. ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಪಿಗ್ಮಿಯ ರೂಢಿ ಉಳಿದಿದೆ. ಆದರೆ ಹೊತ್ತಿಗೆ ಇಂತಹ ಪಿಗ್ಮಿ ಇಲ್ಲ. ಇಂದಿನ ಒಂದು ಗಳಿಗೆಯನ್ನು ಪಾಸ್‌ಬುಕ್ಕಿನಲ್ಲಿ ಬರೆಸಿಟ್ಟು ಮುಪ್ಪಿನಲ್ಲಿ ಬಡ್ಡಿಸಹಿತ ಪಡೆಯುವೆವೆಂದರೆ ಆಗದು.

ನಮ್ಮ ಮಾತನ್ನೇ ಗಮನಿಸಿರಿ. ಸಂಸ್ಕೃತದಲ್ಲಿ ಎರಡಕ್ಕೂ ‘ವ್ಯಯ’ ಎಂಬ ಒಂದೇ ಶಬ್ದ ಸಲ್ಲುತ್ತದೆ. ಕನ್ನಡದಲ್ಲಿ ಹಣವನ್ನು ‘ಖರ್ಚು ಮಾಡಿದೆ’ ಎನ್ನುತ್ತೇವೆ, ಹೊತ್ತನ್ನು ‘ಕಳೆದೆ’ ಎನ್ನುತ್ತೇವೆ.

ಹಣ ಕೊಟ್ಟು ಹೊತ್ತನ್ನು ಉಳಿಸುವುದು ತಪ್ಪಲ್ಲ. ಒರಳುಕಲ್ಲಿನ ಮುಂದೆ ಕೂತು ನಿತ್ಯವೂ ಅರೆದ ತಾಯಂದಿರ ರಟ್ಟೆಯನ್ನು ಕೇಳಿ ನೋಡಿ. ಗ್ರೈಂಡರು ಬಂದದ್ದು ಒಳ್ಳೆಯದೇ ಆಯಿತು. ಇನ್ನು ಈ ಜಿಲ್ಲೆಯಲ್ಲಿ ಮನೆಯಲ್ಲೇ ಕೂತು ಬೀಡಿ ಕಟ್ಟುವ ಹೆಣ್ಣುಮಕ್ಕಳಿದ್ದಾರೆ. ಅವರಿಗೆ ಕೂಲಿ ಸಾವಿರ ಬೀಡಿಯ ಲೆಕ್ಕದಲ್ಲಿ. ಮಗುವನ್ನು ಅರ್ಧ ಗಂಟೆ ಎತ್ತಿಕೊಂಡರೆ ಅಷ್ಟು ಕಾಸು ಕಡಿಮೆ. ಅವರ ಮುಂದೆ ಈ ಪ್ರವಚನವನ್ನು ಮಾಡಲು ನಮಗೆ ಬಾಯಿ ಬಾರದು. ನಾವು ಹೇಳುವುದು, ಆಯ್ಕೆ ಇದ್ದೂ ಆಯದವರಿಗೆ.

ಗದಗಿನ ಕಡೆಯಿಂದ ಈ ಊರಿಗೆ ನೌಕರಿಗೆ ಬಂದ ಭಕ್ತರೊಬ್ಬರು ಒಮ್ಮೆ ದರ್ಶನಕ್ಕೆ ಬಂದಿದ್ದರು. ಊರಲ್ಲಿ ತಂದೆ ಒಬ್ಬರೇ. ತಿಂಗಳಿಗೆ ಹಣ ತಪ್ಪದು, ಅಡುಗೆಗೆ ಆಳು, ಔಷಧಕ್ಕೆ ಕೊರತೆಯಿಲ್ಲ. “ನೀವು ಯಾವಾಗ ಹೋಗಿದ್ದಿರಪ್ಪಾ?” ಎಂದು ಕೇಳಿದೆವು. “ಅಜ್ಜಾರ, ವ್ಯಾಳ್ಯಾ ಎಲ್ಲೈತ್ರಿ?” ಎಂದರು. ಎರಡು ವರ್ಷವಾಗಿತ್ತು.

ನಗಬೇಡಿರಿ, ಮಠಕ್ಕೂ ಇದೇ ವ್ಯಾಧಿ ತಗುಲಿದೆ. ದಾಸೋಹಕ್ಕೆ ಹಣ ಕಳುಹಿಸುವವರು ಹೆಚ್ಚಿದ್ದಾರೆ, ಎಂಜಲೆಲೆ ಎತ್ತಲು ಬರುವವರು ಕಡಿಮೆಯಾಗಿದ್ದಾರೆ.

ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ಬಲ್ಲಿರಿ. ಗಂಡ ಮಾರಯ್ಯ ಅನುಭಾವದ ಮಾತಿನಲ್ಲಿ ಮೈಮರೆತಾಗ ಕಾಯಕದ ಹೊತ್ತಾಯಿತೆಂದು ಎಬ್ಬಿಸಿ ಕಳುಹಿಸಿದಳು. ಆತ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಹಿಂದಿರುಗಿಸಿ ಬನ್ನಿರೆಂದಳು. ಆ ಅಕ್ಕಿಯ ಬೆಲೆಗೆ ಅಷ್ಟು ದೂರ ಮತ್ತೆ ನಡೆಯುವುದು ನಮ್ಮ ಲೆಕ್ಕದಲ್ಲಿ ನಷ್ಟವೇ. ಆಕೆ ಆ ನಷ್ಟವನ್ನು ಮಾಡಿಕೊಂಡಳು. ಯಾವುದಕ್ಕೆ ಹೊತ್ತು ಸಲ್ಲಬೇಕೆಂಬುದು ಆಕೆಗೆ ಗೊತ್ತಿತ್ತು.

ಆ ಭಕ್ತರಿಗೂ ಇದನ್ನೇ ಹೇಳಿದೆವು. ಅವರು ಸಂಬಳವಿಲ್ಲದ ರಜೆ ಹಾಕಿ ಎಂಟು ದಿನ ಊರಿಗೆ ಹೋದರು. ಹೋದ ದಿನವೇ ತಂದೆ “ಮತ್ತ ಯಾವಾಗ ಹೊಂಡತಿ?” ಎಂದರಂತೆ. ಮರುದಿನವೂ ಕೇಳಿದರಂತೆ. ಐದನೆಯ ದಿನ ಕೇಳಲಿಲ್ಲವಂತೆ.